ಬಾಯಿಲ್ಲದ ಪಂಪು

ಮಸ್ಕಿಯಲ್ಲಿ ಅವತ್ತು ಬಸ್ಸಿನ ಟೈರು ಪಂಕ್ಚರ್ ಆಗದೇ ಇದ್ದಿದ್ದರೆ ನಾನು ಈಗಲೂ ನನ್ನ ಕೆಲಸದ ಬಗ್ಗೆ ಹೆಮ್ಮೆಪಡುತ್ತಲೇ ಇರುತ್ತಿದ್ದೆನೇನೋ.

ಸಿಂಧನೂರಿನ ಹೊರವಲಯದಲ್ಲಿ, ಬೆನ್ನಿಗೆ ಹಾಕಿಕೊಂಡು ಬೆಳೆಗೆ ಔಷಧ ಹೊಡೆಯುವ ಬ್ಯಾಟರಿ ಪಂಪುಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ. ನಮ್ಮ ಕಡೆ ಔಷಧಕ್ಕೆ ಎಣ್ಣೆ ಅನ್ನುತ್ತಾರೆ, ಹಾಗಾಗಿ ಅದು ಎಣ್ಣೆ ಪಂಪು. ಪಂಪು ಹೇಗಿರಬೇಕು, ಯಾವ ಭಾಗ ಎಲ್ಲಿ ಕೂರಬೇಕು ಎಂದು ಡ್ರಾಯಿಂಗ್ ಮಾಡುವವಳು ನಾನು. ಅಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ದುಡಿದವರು. ಕಂಪನಿ ಕೊಟ್ಟ ಎರಡು ಕೋಣೆಯ ಮನೆಯಲ್ಲಿ ಬೆಳೆದು, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ನಮ್ಮ ಮನೆತನದಲ್ಲಿ ಡ್ರಾಯಿಂಗ್ ಮಾಡಿ ಸಂಬಳ ತಂದ ಮೊದಲ ಹೆಂಗಸು ನಾನು. ಆ ಬಗ್ಗೆ ನನಗೆ ಜಂಬ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಕಾರ್ಖಾನೆಯ ಮಾಲೀಕರು ಬೀಜ ಗೊಬ್ಬರದ ವ್ಯಾಪಾರ ಮಾಡಿಕೊಂಡು ಬಂದ ಹಳೆಯ ಮನೆಯವರು. ಹಣೆಗೆ ವಿಭೂತಿ ಹಚ್ಚದೆ ಬಾಗಿಲು ತೆಗೆದವರಲ್ಲ. ಎಲ್ಲರಿಗೂ ಅವರು ಸಾವ್ಕಾರ್ರು, ನನಗೂ. ನಾನು ಸೇರಿದ ಎರಡನೇ ಮಳೆಗಾಲದಲ್ಲಿ ಪಂಪುಗಳು ಒಂದರ ಹಿಂದೆ ಒಂದು ವಾಪಸು ಬರತೊಡಗಿದವು. ಬ್ಯಾಟರಿ ಇರುವ ತಳದ ಪೆಟ್ಟಿಗೆಗೆ ನೀರು ಇಳಿಯುತ್ತಿತ್ತು. ದಢೇಸುಗೂರಿನ ಭತ್ತದ ರೈತರೊಬ್ಬರು ಪಂಪನ್ನು ಹೆಗಲ ಮೇಲೆ ಹೊತ್ತು ಬಂದು, ತಳದ ನಾಲ್ಕು ಸ್ಕ್ರೂ ಬಿಚ್ಚಿ ಒಳಗಿದ್ದ ನೀರನ್ನು ಸಾವ್ಕಾರ್ರ ಮೇಜಿನ ಮೇಲೆ ಸುರಿದು ಹೋದರು. ಎಣ್ಣೆ ಕಲೆಸಿದ ನೀರು. ಆ ವಾಸನೆ ಕೋಣೆಯಿಂದ ವಾರಗಟ್ಟಲೆ ಹೋಗಲಿಲ್ಲ.

ಅದಕ್ಕೆ ಪರಿಹಾರ ಹುಡುಕಿದವಳು ನಾನೇ. ಸ್ಕ್ರೂಗಳನ್ನೇ ತೆಗೆದುಹಾಕಿದೆ. ಬ್ಯಾಟರಿ, ಮೋಟಾರು, ತಂತಿಗಳ ಸುತ್ತ ಗಟ್ಟಿಯಾಗುವ ಅಂಟು ಸುರಿಸಿ, ಮುಚ್ಚಳವನ್ನು ಶಾಖ ಕೊಟ್ಟು ಪೆಟ್ಟಿಗೆಯ ಜೊತೆಗೇ ಬೆಸೆದುಬಿಟ್ಟೆ. ಎಲ್ಲಿ ಪೆಟ್ಟಿಗೆ ಮುಗಿದು ಮುಚ್ಚಳ ಶುರುವಾಗುತ್ತದೆ ಎಂದು ಬೆರಳಾಡಿಸಿದರೂ ತಿಳಿಯಬಾರದು, ಹಾಗೆ. ಮುಂದಿನ ಮಳೆಗಾಲಕ್ಕೆ ತಕರಾರುಗಳು ನಿಂತವು. ಸಾವ್ಕಾರ್ರು ಡೀಲರುಗಳ ಎದುರಿಗೆ ನನ್ನನ್ನು ಕರೆದು ನಿಲ್ಲಿಸಿ, ಈ ಹುಡುಗಿಯ ಕೈಗುಣ ಇದು ಎಂದರು. ನಾನು ಲಿಂಗಸುಗೂರಿಗೆ, ಅಣ್ಣನ ಮನೆಯಲ್ಲಿದ್ದ ಅವ್ವನ ಹತ್ತಿರ ಹೋದಾಗ ಆ ನೀಲಿ ಪಂಪಿನ ಫೋಟೋ ತೋರಿಸಿ ಬಂದೆ.

ಕೆಟ್ಟ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ನನ್ನ ತಲೆಗೆ ಒಮ್ಮೆಯೂ ಬಂದಿರಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಪಂಪು ಯಾವಾಗಲೂ ಹೊಸದಾಗಿಯೇ ಇರುತ್ತಿತ್ತು.

ಎರಡೂವರೆ ವರ್ಷ ಕಳೆದಿತ್ತು. ಒಂದು ಭಾನುವಾರ ಲಿಂಗಸುಗೂರಿನಿಂದ ಸಿಂಧನೂರಿಗೆ ವಾಪಸು ಬರುವಾಗ ಮಸ್ಕಿ ದಾಟುವ ಮೊದಲೇ ಬಸ್ಸು ನಿಂತಿತು. ಟೈರು ಬದಲಿಸಲು ಹೊತ್ತಾಗುತ್ತದೆ ಎಂದು ಕಂಡಕ್ಟರು ಹೇಳಿದ್ದರಿಂದ ಎಲ್ಲರೂ ಇಳಿದೆವು. ರಸ್ತೆಯ ಆ ಬದಿಗೆ ತಗಡಿನ ಬೇಲಿ ಹಾಕಿದ ಗುಜರಿ ಅಂಗಡಿ ಇತ್ತು. ಬೇಲಿಯ ಮೇಲಿನಿಂದ ಒಂದು ನೀಲಿ ರಾಶಿ ಕಾಣಿಸುತ್ತಿತ್ತು. ಆ ನೀಲಿ ನನಗೆ ಗೊತ್ತಿತ್ತು. ನಾನೇ ಆರಿಸಿದ ಬಣ್ಣ.

ನನ್ನ ಪಂಪು ಇಷ್ಟು ದೂರ ಬಂದಿದೆಯಲ್ಲ ಎಂಬ ಸಂತೋಷದಿಂದಲೇ ನಾನು ರಸ್ತೆ ದಾಟಿದೆ. ಇದನ್ನು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಒಳಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬೇವಿನ ಮರದ ಕೆಳಗೆ ಕೂತು ನಮ್ಮ ಪಂಪೊಂದನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದಿದ್ದರು. ಒಂದು ಕೈಯಲ್ಲಿ ಚಾಣ ಎನ್ನುವ ಕಬ್ಬಿಣದ ಉಳಿ, ಇನ್ನೊಂದರಲ್ಲಿ ಸುತ್ತಿಗೆ. ಗಂಡ ಊರೂರು ತಿರುಗಿ ಗುಜರಿ ತರುತ್ತಾನೆ, ಬಿಚ್ಚಿ ತಾಮ್ರ, ಹಿತ್ತಾಳೆ, ಪ್ಲಾಸ್ಟಿಕ್ಕು ಬೇರೆ ಮಾಡುವುದು ತನ್ನ ಕೆಲಸ ಎಂದು, ನಾನು ಕೇಳಿದ್ದಕ್ಕೆ ತಲೆ ಎತ್ತದೆ ಹೇಳಿದರು. ಈ ನೀಲಿ ಪಂಪು ಬಿಚ್ಚುವುದು ಕಷ್ಟವೇ ಎಂದು ಕೇಳಿದೆ. ಆಗ ತಲೆ ಎತ್ತಿದರು. ಅವರ ಎಡಗಣ್ಣಿನ ಮೇಲೆ ಹುಬ್ಬು ಇರಲಿಲ್ಲ.

"ಇದಕ್ಕ ಬಾಯೇ ಇಟ್ಟಿಲ್ಲ ನೋಡ್ರಿ," ಎಂದರು. "ಬ್ಯಾರೆ ಪಂಪಿಗೆ ತಳದಾಗ ಸ್ಕ್ರೂ ಇರ್ತಾವ, ತಿರುವಿದ್ರ ಬಿಚ್ಚಿಕೊಳ್ತಾವ. ಇದನ್ನ ಬಡಿಯೋದೊಂದ ದಾರಿ."

ಹಾಗೆ ಹೇಳುತ್ತಲೇ ಚಾಣವನ್ನು ಪೆಟ್ಟಿಗೆಯ ಬಲಮೂಲೆಗೆ ಊರಿದರು. ಆ ಮೂಲೆ ನೋಡಿದ ಕೂಡಲೇ ನನ್ನ ಕಣ್ಣ ಮುಂದೆ ಡ್ರಾಯಿಂಗು ತೆರೆದುಕೊಂಡಿತು. ಅಲ್ಲಿಂದ ಎರಡು ಬೆರಳು ಒಳಗೆ ಬ್ಯಾಟರಿ ಇದೆ. ಅಲ್ಲಿ ಬೇಡ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಸುತ್ತಿಗೆ ಬಿತ್ತು.

ಪ್ಲಾಸ್ಟಿಕ್ಕು ಒಡೆದ ಸದ್ದಿನ ಹಿಂದೆಯೇ, ಹಾವು ಬುಸುಗುಟ್ಟಿದಂಥ ಇನ್ನೊಂದು ಸದ್ದು ಬಂತು. ಬಿಳಿ ಹೊಗೆ ಎದ್ದಿತು, ಅದರೊಳಗಿಂದ ಮೊಳದುದ್ದದ ಬೆಂಕಿ ಅಡ್ಡಲಾಗಿ ಚಿಮ್ಮಿತು. ಆಕೆ ಪಂಪನ್ನು ಕಾಲಿನಿಂದ ಒದ್ದು ದೂರ ತಳ್ಳಿ, ಪಕ್ಕದಲ್ಲಿಟ್ಟುಕೊಂಡಿದ್ದ ಬುಟ್ಟಿಯ ಮರಳನ್ನು ಅದರ ಮೇಲೆ ಸುರಿದರು. ಆಮೇಲೆ ಸೆರಗಿನ ಅಂಚಿಗೆ ಹತ್ತಿದ ಕಿಡಿಯನ್ನು ಬೆರಳುಗಳಿಂದ ಹೊಸಕಿದರು. ಹಾಲು ಉಕ್ಕಿದಾಗ ಒಲೆ ಸಣ್ಣ ಮಾಡುವಂತೆ, ಅಷ್ಟೇ ಸಲೀಸಾಗಿ. ಮರಳಿನ ಬುಟ್ಟಿ ಮೊದಲೇ ತುಂಬಿಸಿ ಇಟ್ಟಿದ್ದರು ಎಂಬುದು ನನಗೆ ಆಗ ಹೊಳೆಯಿತು.

ನಾನು ಅಲ್ಲೇ ಒಂದು ಮುರಿದ ಫ್ರಿಜ್ಜಿನ ಮೇಲೆ ಕೂತೆ. ಆಕೆ ತಂಬಿಗೆಯಲ್ಲಿ ನೀರು ತಂದು ಕೊಟ್ಟರು. ತಂಬಿಗೆ ಹಿಡಿದ ಕೈಯ ಮೇಲೆ, ಮುಂಗೈಯಿಂದ ಮೊಣಕೈವರೆಗೆ, ಸುಟ್ಟು ಆರಿದ ಮಚ್ಚೆಗಳಿದ್ದವು. ಕೆಲವು ಹಳೆಯವು, ಒಂದು ಇನ್ನೂ ಗುಲಾಬಿ ಬಣ್ಣದ್ದು. ಇವೆಲ್ಲ ಹೇಗಾದವು ಎಂದು ಕೇಳಬಾರದಿತ್ತು, ಕೇಳಿದೆ. ಎಲ್ಲ ಈ ನೀಲಿಯದರಿಂದಲೇ ಎಂದರು. ಹುಬ್ಬು ಸುಟ್ಟಾಗ ಸರ್ಕಾರಿ ದವಾಖಾನೆಗೆ ಹೋಗಿದ್ದರಂತೆ. ಅಡುಗೆ ಮಾಡುವಾಗ ಸುಟ್ಟುಕೊಂಡೆ ಎಂದು ಬರೆಸಿದರಂತೆ, ಪಂಪಿನ ಕಥೆ ಹೇಳಿದರೆ ಯಾರು ನಂಬುತ್ತಾರೆ ಎಂದು.

ಬಸ್ಸಿನ ಹಾರ್ನ್ ಕೇಳಿಸಿತು. ಎದ್ದು ಹೋಗಬಹುದಿತ್ತು. ಆಕೆಗೆ ನಾನು ಯಾರೆಂದು ಗೊತ್ತೇ ಇರಲಿಲ್ಲ.

"ಅಕ್ಕಾ," ಎಂದೆ, "ಈ ಪಂಪು ನಾ ಮಾಡೀನಿ."

"ಅಲ್ಲಿ ಕೂಲಿ ಮಾಡ್ತೀರೇನ್ರಿ?"

"ಇಲ್ಲಕ್ಕ. ಇದು ಹಿಂಗ ಇರ್ಲಿ ಅಂತ ಬರದಾಕಿ ನಾನ. ಸ್ಕ್ರೂ ತಗದಾಕಿನೂ ನಾನ."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಆಕೆಯ ಮುಖ ಅರಳಿತು. ರಾಶಿಯಿಂದ ಇನ್ನೊಂದು ಪಂಪು ಎಳೆದು ನನ್ನ ಮುಂದಿಟ್ಟು, ಚಾಣವನ್ನು ಹಿಡಿಯ ಕಡೆಯಿಂದ ನನ್ನತ್ತ ಚಾಚಿದರು.

"ಹಂಗಾರ ನಿಮಗ ಗೊತ್ತಿರ್ತದಲ್ರೀ. ಹೆಂಗ ಬಿಚ್ಚಬೇಕು ತೋರಸ್ರಿ. ನಮಗ ತಿಳೀಲಿಲ್ಲಂತ ಬಡಕೊಂತ ಕುಂತೀವಿ."

ಅದರಲ್ಲಿ ಕೊಂಕು ಇರಲಿಲ್ಲ. ಮಾಡಿದವರಿಗೆ ಬಿಚ್ಚುವುದು ಗೊತ್ತಿರುತ್ತದೆ, ಎಲ್ಲೋ ಒಂದು ಗುಟ್ಟಿನ ಜಾಗ ಇರುತ್ತದೆ, ತನಗೆ ಸಿಕ್ಕಿಲ್ಲ ಅಷ್ಟೆ ಎಂದು ಆಕೆ ನಿಜವಾಗಿಯೂ ನಂಬಿದ್ದರು. ಬೆಂಕಿಗಿಂತ ಆ ನಂಬಿಕೆ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು. ನಾನು ಪಂಪನ್ನು ತಿರುವಿ ಮುರುವಿ ನೋಡಿದೆ. ಅದರ ಒಂದೊಂದು ಗೆರೆಯೂ ನನ್ನದೇ. ಪ್ರತಿ ಮೂಲೆಯ ಅಳತೆ ಬಾಯಿಪಾಠ ಇತ್ತು. ಬ್ಯಾಟರಿ ಇಲ್ಲದ ಎಡಬದಿಗೆ ಚಾಣ ಇಟ್ಟು ಮೆಲ್ಲಗೆ ಬಡಿದೆ, ಜೋರಾಗಿ ಬಡಿದೆ. ಚಾಣ ಜಾರಿ ನನ್ನ ಹೆಬ್ಬೆರಳಿನ ಬುಡ ಸೀಳಿತು. ಬಸ್ಸು ಹೊರಟು ಹೋಯಿತು. ಬಿಸಿಲು ಬೇವಿನ ಮರದ ಇನ್ನೊಂದು ಬದಿಗೆ ಸರಿಯಿತು. ಮುಚ್ಚಳ ಅಲುಗಲಿಲ್ಲ. ಬೆಸುಗೆ ಅಷ್ಟು ಚೆನ್ನಾಗಿತ್ತು.

ಆಕೆ ಬಹಳ ಹೊತ್ತು ನೋಡುತ್ತಾ ಕೂತಿದ್ದು, ಕೊನೆಗೆ ಚಾಣವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಗಾಯಕ್ಕೆ ಅರಿಷಿಣ ಒತ್ತಿದರು.

ಸೋಮವಾರ ಸಾವ್ಕಾರ್ರಿಗೆ ಎಲ್ಲ ಹೇಳಿದೆ. ನನ್ನ ಹೆಬ್ಬೆರಳಿನ ಗಾಯ ನೋಡಿ ಅವರು ಮೊದಲು ಚಹಾ ತರಿಸಿದರು. ಕೇಳಿಸಿಕೊಂಡ ಮೇಲೆ, "ಸತ್ತ ಪಂಪಿನ ಚಿಂತಿ ನಮಗ್ಯಾಕ ತಂಗಿ?" ಎಂದರು. "ಮಾರೋತನಕ ನಮ್ದು. ಆಮ್ಯಾಲೆ ಯಾರದೋ." ಮತ್ತೆ ಸ್ಕ್ರೂ ಹಾಕಿದರೆ ನೀರು ಇಳಿಯುತ್ತದೆ, ದಢೇಸುಗೂರಿನವರು ಮತ್ತೆ ಬಂದು ಮೇಜಿನ ಮೇಲೆ ಸುರಿಯುತ್ತಾರೆ ಎಂದರು. ಅವರು ಕೆಟ್ಟವರಲ್ಲ. ಹಿಂದಿನ ವಾರ ಯಾರಾದರೂ ಇದೇ ಪ್ರಶ್ನೆ ನನ್ನನ್ನು ಕೇಳಿದ್ದರೆ ನಾನೂ ಇದೇ ಉತ್ತರ ಕೊಡುತ್ತಿದ್ದೆ. ಅದು ಗೊತ್ತಾದದ್ದರಿಂದ ನನಗೆ ಅವರ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ.

ಆ ವಾರವೆಲ್ಲ ಕಾರ್ಖಾನೆಯಲ್ಲಿ ಕೆಲಸ ಎಂದಿನಂತೆಯೇ ನಡೆಯಿತು. ಬೆಸುಗೆಯ ಯಂತ್ರ ಕೆಳಗಿಳಿದು ಮೇಲೇಳುತ್ತಿತ್ತು. ಪ್ರತಿ ಸಲ ಅದು ಕೆಳಗಿಳಿದಾಗ ನನಗೆ ಆಕೆಯ ಸುಟ್ಟ ತೋಳು ಕಾಣುತ್ತಿತ್ತು. ಗುರುವಾರ ರಜೆ ಹಾಕಿ ಮಸ್ಕಿಗೆ ಹೋಗಿ, ಒಂದು ಸಲ ಸಿಂಧನೂರಿಗೆ ಬರಬೇಕು ಎಂದು ಆಕೆಯನ್ನು ಬೇಡಿಕೊಂಡೆ. ಅಲ್ಲಿಗೆ ಬಂದು ತಾನು ಏನು ಮಾತಾಡಲಿ ಎಂದರು. ಮಾತು ಬೇಡ, ಬಿಚ್ಚಿ ತೋರಿಸಿದರೆ ಸಾಕು ಎಂದೆ.

ಶನಿವಾರ ಆಕೆ ಎರಡು ಗೋಣಿಚೀಲ ಹೊತ್ತು ಬಸ್ಸಿನಲ್ಲಿ ಬಂದರು. ನಾನು ಕುರ್ಚಿ ತಂದಿಟ್ಟರೆ, ಇದು ನೆಲದ ಮೇಲಿನ ಕೆಲಸ ಎಂದು ಸಾವ್ಕಾರ್ರ ಕೋಣೆಯ ನಡುವೆ ಗೋಣಿ ಹಾಸಿಕೊಂಡು ಕೂತರು. ಬೇರೆ ಬೇರೆ ಕಡೆ ತಯಾರಾದ ಎರಡು ಪಂಪು ತೆಗೆದರು. ಮೊದಲನೆಯದನ್ನು ಸ್ಕ್ರೂಡ್ರೈವರಿನಿಂದ ಬಿಚ್ಚಿ, ಮೋಟಾರು ಒಂದು ಕಡೆ, ಬ್ಯಾಟರಿ ಒಂದು ಕಡೆ, ಹಿತ್ತಾಳೆಯ ನಳಿಗೆ ಒಂದು ಕಡೆ ಇಟ್ಟರು. ಸಾವ್ಕಾರ್ರು ಆ ನಡುವೆ ಬಂದ ಫೋನು ಎತ್ತಿಕೊಂಡು ಮಾತಾಡಿ ಮುಗಿಸುವಷ್ಟರಲ್ಲಿ ಎರಡನೆಯದೂ ಬಿಚ್ಚಿ ಹರಡಿತ್ತು. ಮೂರನೆಯದಾಗಿ ನಮ್ಮ ನೀಲಿ ಪಂಪು ಹೊರಗೆ ತೆಗೆದು, ಆಕೆ ಎದ್ದು ನಿಂತರು.

"ಇದನ್ನ ಇಲ್ಲಿ ಬ್ಯಾಡ್ರಿ ಸಾವ್ಕಾರ್ರ. ಕಾಗದ ಪತ್ರ ಅದಾವ, ಬೆಂಕಿ ಹತ್ತಿದ್ರ ಕಷ್ಟ."

ಎಲ್ಲರೂ ಅಂಗಳಕ್ಕೆ ಬಂದೆವು. ಪಂಪು ಜೋಡಿಸುವ ಹೆಂಗಸರೂ ಕೆಲಸ ಬಿಟ್ಟು ಬಂದು ನಿಂತರು. ಆಕೆ ಮರಳು ಕೇಳಿದರು, ಕಟ್ಟಡದ ಕೆಲಸಕ್ಕೆ ತಂದದ್ದು ಇತ್ತು. ಎಡಗೈಗೆ ಹಸಿ ಗೋಣಿ ಸುತ್ತಿಕೊಂಡು, ಚಾಣ ಊರಿ, ಸುತ್ತಿಗೆ ಎತ್ತಿದರು. ಹೊಡೆಯುವ ಮೊದಲು ಮುಖವನ್ನು ಪೂರ್ತಿ ಬಲಕ್ಕೆ ತಿರುಗಿಸಿ ಕಣ್ಣು ಮುಚ್ಚಿದರು. ಹೊಡೆದರು. ತಿರುಗಿ ನೋಡಿದರು. ಮತ್ತೆ ಚಾಣ ಊರಿದರು, ಮತ್ತೆ ಮುಖ ತಿರುಗಿಸಿದರು.

ಮೊದಲ ದಿನ ನಾನು ಇದನ್ನು ಗಮನಿಸಿರಲಿಲ್ಲ, ನನ್ನ ಕಣ್ಣು ಚಾಣದ ಮೇಲಿತ್ತು. ಆಕೆ ಪ್ರತಿ ಏಟನ್ನೂ ಕುರುಡಾಗಿ ಹೊಡೆಯುತ್ತಿದ್ದರು. ಉಳಿದ ಒಂದು ಹುಬ್ಬನ್ನು, ಎರಡು ಕಣ್ಣುಗಳನ್ನು ಉಳಿಸಿಕೊಳ್ಳಲು.

ಆ ದಿನ ಬೆಂಕಿ ಹತ್ತಲೇ ಇಲ್ಲ. ಆದರೆ ಒಂದೊಂದು ಏಟಿಗೂ ಸಾವ್ಕಾರ್ರ ಭುಜ ಜಗ್ಗುತ್ತಿತ್ತು. ಆರನೆಯದಕ್ಕೋ ಏಳನೆಯದಕ್ಕೋ ಅವರು ಮುಂದೆ ಹೋಗಿ ಆಕೆಯ ಸುತ್ತಿಗೆಯನ್ನು ಹಿಡಿದುಕೊಂಡರು. "ಸಾಕು ಬಿಡವ್ವ," ಎಂದರು. ಅವರ ಮುಖ ಬಿಳಿಚಿಕೊಂಡಿತ್ತು. ತಮ್ಮ ಅಂಗಳದಲ್ಲಿ ತಾವೇ ಮಾರಿದ ವಸ್ತುವಿಗೆ ಒಬ್ಬ ಹೆಣ್ಣುಮಗಳು ಹೀಗೆ ಅಂಜುವುದನ್ನು ಅವರು ಕನಸಿನಲ್ಲೂ ನೆನೆಸಿರಲಿಲ್ಲ.

ಒಳಗೆ ಬಂದು ಕೂತ ಮೇಲೆ ನನ್ನನ್ನು ಕೇಳಿದರು. ನೀರು ಒಳಗೆ ಇಳಿಯಬಾರದು, ಬೇಕೆಂದಾಗ ಬಿಚ್ಚಲೂ ಬರಬೇಕು, ಎರಡೂ ಆಗುತ್ತದೆಯೇ ಎಂದು. ಸ್ಕ್ರೂ ಹಾಕಿದರೆ ಸಂದು ಉಳಿಯುತ್ತದೆ, ಅಂಟು ಸುರಿದರೆ ಬಿಚ್ಚಲು ಬರುವುದಿಲ್ಲ ಎಂದೆ. ಮೂಲೆಯಲ್ಲಿ ಬಿಡಿಭಾಗಗಳನ್ನು ಗೋಣಿಗೆ ತುಂಬುತ್ತಿದ್ದ ಆಕೆ ಕೇಳಿದರು:

"ಕುಕ್ಕರಿಗೆ ಅಂಟು ಹಚ್ಚತೀವೇನ್ರಿ? ಉಗಿ ಸೈತ ಹೊರಗ ಬಿಡೂದಿಲ್ಲ ಅದು. ದಿನಾ ತಗದು ಹಾಕ್ತೀವಿ."

ಅವತ್ತು ಬೆಳಗ್ಗೆಯೇ ನಾನು ನನ್ನ ಕುಕ್ಕರಿನ ರಬ್ಬರನ್ನು ತೊಳೆದು ಇಟ್ಟು ಬಂದಿದ್ದೆ.

ಹೊಸ ಡ್ರಾಯಿಂಗಿಗೆ ಎರಡು ತಿಂಗಳು ಹಿಡಿಯಿತು. ಮುಚ್ಚಳದ ಅಂಚಿನಲ್ಲಿ ಒಂದು ಕಾಲುವೆಯಂಥ ಗೆರೆ, ಅದರಲ್ಲಿ ರಬ್ಬರಿನ ಬಳೆ. ನಾಣ್ಯದಿಂದಲೂ ತಿರುಗುವಂಥ ನಾಲ್ಕು ದಪ್ಪ ಸ್ಕ್ರೂ, ನಾಲ್ಕೂ ಒಂದೇ ಅಳತೆಯವು. ಅಂಟು ಇಲ್ಲವೇ ಇಲ್ಲ. ಬ್ಯಾಟರಿ ತನ್ನದೇ ಡಬ್ಬಿಯಲ್ಲಿ ಕೂತು, ಒಂದು ಪಟ್ಟಿ ಹಿಡಿದು ಎಳೆದರೆ ಹೊರಗೆ ಬರಬೇಕು. ತಂತಿಗಳನ್ನು ಕತ್ತರಿಸುವ ಬದಲು ಕಿತ್ತರೆ ಸಾಕು. ಪ್ರತಿ ಭಾಗ ಬರೆಯುವಾಗಲೂ ಮೊದಲು ಜೋಡಿಸುವ ಕೈ ಮಾತ್ರ ಕಾಣುತ್ತಿತ್ತು, ಈಗ ಬಿಚ್ಚುವ ಕೈಯೂ ಕಾಣುತ್ತಿತ್ತು. ಸ್ಕ್ರೂಡ್ರೈವರ್ ಹೋಗಲು ಜಾಗ ಇದೆಯೇ, ಬೆರಳು ಹಿಡಿಯುತ್ತದೆಯೇ, ಹಳೆಯದಾಗಿ ಮಣ್ಣು ತುಂಬಿದ ಮೇಲೂ ಇದು ತಿರುಗುತ್ತದೆಯೇ.

ಮೊದಲ ಕಂತಿನ ಪಂಪುಗಳು ಸೋರಿದವು. ಸಾವ್ಕಾರ್ರು ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟರು. ಹಳೆಯ ಬೆಸುಗೆಯ ಯಂತ್ರಕ್ಕೆ ಎಣ್ಣೆ ಬಿಟ್ಟು ಸಿದ್ಧಮಾಡಿ ಎಂದು ಅಂಗಳದಲ್ಲಿ ಯಾರಿಗೋ ಹೇಳಿದ್ದು ನನ್ನ ಕಿವಿಗೂ ಬಿತ್ತು. ಸೋರಿದ ಪಂಪೊಂದನ್ನು ಹೊತ್ತು ಮಸ್ಕಿಗೆ ಓಡಿದೆ. ಆಕೆ ಮುಚ್ಚಳ ತೆಗೆದು ರಬ್ಬರನ್ನು ಮೂಲೆಯಿಂದ ಮೂಲೆಗೆ ಬೆರಳಿನಿಂದ ಒತ್ತಿ ನೋಡಿದರು. ಮೂಲೆಗಳಲ್ಲಿ ಅದು ತಿರುಚಿಕೊಂಡಿತ್ತು.

"ಚೌಕ ಕುಕ್ಕರ್ ಎಲ್ಲಿ ನೋಡೀದಿ ನೀ?" ಎಂದರು.

ಅವರು ನನ್ನನ್ನು ನೀ ಎಂದದ್ದು ಅದೇ ಮೊದಲು. ಮುಚ್ಚಳವನ್ನು ದುಂಡಗೆ ಮಾಡಿದೆ. ನೀರಿನ ತೊಟ್ಟಿಯಲ್ಲಿ ಒಂದು ದಿನ ಪೂರ್ತಿ ಮುಳುಗಿಸಿ ತೆಗೆದಾಗ ಒಳಗಿನ ಕಾಗದ ಒಣಗಿಯೇ ಇತ್ತು. ಸಾವ್ಕಾರ್ರು ಆ ಕಾಗದವನ್ನು ಕೆನ್ನೆಗೆ ಒತ್ತಿ ನೋಡಿ ಒಪ್ಪಿಕೊಂಡರು. ಬೆಸುಗೆಯ ಯಂತ್ರ ಮಾರಾಟವಾಯಿತು. ಹೊಸ ಪಂಪುಗಳಲ್ಲಿ ಬ್ಯಾಟರಿ ಸತ್ತರೆ ರೈತರು ಅದೊಂದನ್ನೇ ಬದಲಿಸಿಕೊಳ್ಳುತ್ತಾರೆ. ಪಂಪು ಬೇಗ ಖರ್ಚಾಗುತ್ತಿಲ್ಲ ಎಂದು ಡೀಲರುಗಳು ಗೊಣಗುತ್ತಾರೆ, ಸಾವ್ಕಾರ್ರೂ ಆಗೀಗ ಗೊಣಗುತ್ತಾರೆ.

ಆದರೆ ಮೊದಲು ಮಾಡಿದ ಬಾಯಿಲ್ಲದ ಪಂಪುಗಳು ಹೊಲ ಹೊಲಗಳಲ್ಲಿ ಇನ್ನೂ ಇದ್ದವು. ಈಗಲೂ ಇವೆ. ಅವು ಕೆಡುತ್ತಾ ಹೋದಂತೆ ಮಸ್ಕಿಯ ಆ ರಾಶಿಗೆ ಬಂದು ಬೀಳುತ್ತವೆ. ಅವನ್ನು ವಾಪಸು ಕರೆಯುವ ಶಕ್ತಿ ನನಗಿಲ್ಲ. ತಗಡಿನ ಹಾಳೆಯೊಂದನ್ನು ಪೆಟ್ಟಿಗೆಯ ಅಳತೆಗೆ ಕತ್ತರಿಸಿ, ಬ್ಯಾಟರಿಯಿಂದ ದೂರವಿರುವ ಕಡೆ ಮಾತ್ರ ಸೀಳು ಬಿಟ್ಟು ಆಕೆಗೆ ಕೊಟ್ಟೆ. ಅದನ್ನು ಪಂಪಿನ ಮೇಲಿಟ್ಟು, ಸೀಳಿನಲ್ಲಿ ಸೀಮೆಸುಣ್ಣ ಎಳೆದು, ಆ ಗೆರೆಯ ಮೇಲೆ ಗರಗಸ ಆಡಿಸಿದರೆ ಬೆಂಕಿ ಹತ್ತುವುದಿಲ್ಲ. ಕಣ್ಣಿಗೆ ಹಾಕಿಕೊಳ್ಳಲು ಕನ್ನಡಕವನ್ನೂ ಒಯ್ದು ಕೊಟ್ಟೆ. ಲಿಂಗಸುಗೂರಿಗೆ ಹೋಗಿ ಬರುವ ಭಾನುವಾರಗಳಲ್ಲಿ ಮಸ್ಕಿಯಲ್ಲಿ ಇಳಿದು ಒಂದಷ್ಟು ಪಂಪುಗಳನ್ನು ನಾನೂ ಕೊಯ್ಯುತ್ತೇನೆ. ಆಕೆಯ ತೋಳಿನ ಮೇಲೆ ಹೊಸ ಮಚ್ಚೆ ಬಿದ್ದಿದೆಯೇ ಎಂದು ಮೊದಲು ನೋಡುತ್ತೇನೆ.

ಕಳೆದ ಸುಗ್ಗಿಯ ನಂತರ ಒಂದು ಭಾನುವಾರ ಹೋದಾಗ ರಾಶಿಯಲ್ಲಿ ಹಸಿರು ಪಂಪುಗಳಿದ್ದವು. ಯಾವುದೋ ದೂರದ ಊರಿನಲ್ಲಿ ತಯಾರಾದವು. ಒಂದನ್ನು ಎತ್ತಿಕೊಂಡೆ. ಪೆಟ್ಟಿಗೆಯ ಬಾಗು ಗೊತ್ತಿತ್ತು. ಹೆಬ್ಬೆರಳಿಗೆಂದು ನಾನು ಬಿಟ್ಟಿದ್ದ ತಗ್ಗು ಕೂಡ ಅದೇ ಜಾಗದಲ್ಲಿತ್ತು. ತಳಕ್ಕೆ ತಿರುವಿದೆ. ಸ್ಕ್ರೂ ಇಲ್ಲ, ಅಂಚು ಇಲ್ಲ. ಯಾರೋ ನಮ್ಮ ಹಳೆಯ ಪಂಪು ಕೊಂಡು, ನೀರು ಇಳಿಯುವುದಿಲ್ಲ ಎಂದು ಮೆಚ್ಚಿ, ಹಾಗೆಯೇ ನಕಲು ಮಾಡಿದ್ದರು. ನಾನು ನಿಲ್ಲಿಸಿದ್ದೆ ಅಂದುಕೊಂಡದ್ದು ನನ್ನನ್ನು ಕೇಳದೆ ಬೇರೆ ಕಡೆ ಬೆಳೆಯುತ್ತಿತ್ತು.

ಆಕೆ ನಾನು ಕೊಟ್ಟಿದ್ದ ಅಳತೆಯ ತಗಡು ತಂದು ಅದರ ಮೇಲಿಟ್ಟರು. ಅದು ಕೂರಲಿಲ್ಲ. ಒಂದು ಬೆರಳಿನಷ್ಟು ದೊಡ್ಡದಿತ್ತು ಹಸಿರು ಪೆಟ್ಟಿಗೆ. ಒಳಗೆ ಬ್ಯಾಟರಿಯನ್ನು ಎಲ್ಲಿಟ್ಟಿದ್ದಾರೋ ನನಗೂ ಗೊತ್ತಿಲ್ಲ ಎಂದೆ. ಆಕೆ ಪಂಪನ್ನು ಕಿವಿಯ ಹತ್ತಿರ ಹಿಡಿದು, ಬೆರಳಿನ ಗೆಣ್ಣಿನಿಂದ ಸುತ್ತಲೂ ತಟ್ಟುತ್ತಾ ಬಂದರು. ಒಂದು ಕಡೆ ಟೊಳ್ಳು ಸದ್ದು, ಒಂದು ಕಡೆ ಗಟ್ಟಿ ಸದ್ದು. ಗಟ್ಟಿ ಸದ್ದಿನ ಜಾಗಕ್ಕೆ ನಾನು ಸೀಮೆಸುಣ್ಣದಿಂದ ಸುತ್ತು ಬರೆದೆ. ಬ್ಯಾಟರಿ ಈ ಸಲ ಎಡಕ್ಕಿತ್ತು.

"ಇವ್ರ ಊರು ಯಾವುದಂತ ಲೇಬಲ್ಲಿನ್ಯಾಗ ಐತಿ ನೋಡು," ಎಂದರು ಆಕೆ. "ಬಿಚ್ಚಿ ತೋರಸಾಕ ನಾನೂ ಬರ್ತೀನಿ."

ಲೇಬಲ್ಲು ಅರ್ಧ ಹರಿದಿತ್ತು. ಇನ್ನೊಂದು ಪಂಪಿನ ಲೇಬಲ್ಲು ಪೂರ್ತಿ ಇದೆಯೇ ಎಂದು ಆಕೆ ರಾಶಿಯನ್ನು ಹುಡುಕತೊಡಗಿದರು. ನಾನು ಹೊಸ ತಗಡಿನ ತುಂಡೊಂದನ್ನು ನೆಲಕ್ಕೆ ಹಾಸಿ, ಹಸಿರು ಪೆಟ್ಟಿಗೆಯ ಅಳತೆ ತೆಗೆಯಲು ಕೂತೆ.